ಎಣಿಕೆಯ ಬುಧವಾರ ಮತ್ತು ಮಿಸ್ ಅರ್ಡೆಲ್ಲಾ

ಡೆಟ್ರಾಯಿಟ್‌ನ ಪೂರ್ವ ಭಾಗದಲ್ಲಿ, ಮ್ಯಾಕ್ ರಸ್ತೆಯಿಂದ ಸ್ವಲ್ಪ ಒಳಗೆ, ಮುಚ್ಚಿಹೋದ ಚರ್ಚಿನ ಪಕ್ಕದ ಇಟ್ಟಿಗೆ ಕಟ್ಟಡದಲ್ಲಿ ನಮ್ಮ ಸ್ಕೂಲು. ಆರು, ಏಳು, ಎಂಟನೇ ತರಗತಿ, ಅಷ್ಟೇ. ಇಂಥದ್ದಕ್ಕೆ ಚಾರ್ಟರ್ ಸ್ಕೂಲು ಅನ್ನುತ್ತಾರೆ. ದುಡ್ಡು ಸರ್ಕಾರದ್ದು, ದರ್ಬಾರು ಯಾವುದೋ ಒಂದು ಕಂಪನಿಯದು, ಬೈಸಿಕೊಳ್ಳುವುದು ಮಾತ್ರ ನನ್ನಂಥ ಮೇಷ್ಟ್ರುಗಳ ಪಾಲು. ನಾನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಿನ್ಸಿಪಾಲರ ಕೋಣೆಯ ಬಾಗಿಲ ಮೇಲೆ ಡಾಕ್ಟರ್ ಕ್ವಾರ್ಲ್ಸ್ ಎಂಬ ಹೆಸರಿನ ಹಲಗೆ ಇದೆಯಾದರೂ ಸ್ಕೂಲು ನಡೆಯುತ್ತಿದ್ದದ್ದು ಹೊರಬಾಗಿಲ ಪಕ್ಕದ ಮೇಜಿನಿಂದ. ಆ ಮೇಜಿನ ಹಿಂದೆ ಕೂರುತ್ತಿದ್ದವರು ಅರ್ಡೆಲ್ಲಾ ಪ್ರೂಯಿಟ್. ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಅಂಚೆಯವನಿಗೆ, ನಮಗೆಲ್ಲ ಅವರು ಮಿಸ್ ಅರ್ಡೆಲ್ಲಾ.

ಅವರನ್ನು ಯಾರೂ ಕರೆದು ಕೆಲಸ ಕೊಟ್ಟದ್ದಲ್ಲ. ಮೊದಲು ಗ್ರ್ಯಾಶಿಟ್ ರಸ್ತೆಯ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಇಸ್ತ್ರಿ ಹಾಕುತ್ತಿದ್ದರು. ಮೊಮ್ಮಗನನ್ನು ನಮ್ಮ ಸ್ಕೂಲಿಗೆ ಸೇರಿಸಲು ಬಂದ ದಿನ ಹೊರಬಾಗಿಲ ಪಕ್ಕದ ಮೇಜು ಖಾಲಿ ಇತ್ತು, ಫೋನು ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತು ಅಂತ ಸಹಿಸಿಯಾರು? ಎತ್ತಿ, "ಹಾಂ, ಸ್ಕೂಲು. ಯಾರು? ನಿನ್ನ ಮಗ ಯಾವ ಕ್ಲಾಸು?" ಅಂದರು. ಅಲ್ಲಿಂದ ಮುಂದೆ ಹದಿನೆಂಟು ವರ್ಷ ಆ ಫೋನನ್ನು ಅವರೇ ಎತ್ತಿದರು.

ಬರುವಾಗ ಅಂಗಡಿಯಿಂದ ಒಂದು ಹಳೇ ಇಸ್ತ್ರಿ ಪೆಟ್ಟಿಗೆಯನ್ನೂ ತಂದಿದ್ದರು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಸಮವಸ್ತ್ರದ ಅಂಗಿ ಇರುವುದು ಒಂದೇ, ಎದೆಯ ಮೇಲೆ ಸ್ಕೂಲಿನ ಬಿಲ್ಲೆ ಹೊಲಿದ ಕೆಂಗಂದು ಬಣ್ಣದ್ದು. ಅದು ಒಣಗದಿದ್ದರೆ ಹುಡುಗ ಮನೆಯಲ್ಲೇ ಉಳಿದುಬಿಡುತ್ತಾನೆ. ಹಾಗೆ ಉಳಿಯಲು ಮಿಸ್ ಅರ್ಡೆಲ್ಲಾ ಬಿಡುತ್ತಿರಲಿಲ್ಲ.

"ಯಾಕೋ ನಿನ್ನೆ ಬರ್ಲಿಲ್ಲ?"

"ಅಂಗಿ ಒಣಗಿರ್ಲಿಲ್ಲ ಮಿಸ್ ಅರ್ಡೆಲ್ಲಾ."

"ಅಂಗಿ ಒದ್ದೆ ಇತ್ತು ಸರಿ, ನೀನೂ ಒದ್ದೆ ಇದ್ದೆಯೇನೋ? ಬಾ ಇಲ್ಲಿ, ಬಿಚ್ಚು. ಈ ಇಸ್ತ್ರಿ ನಾನೇನ್ ರೊಟ್ಟಿ ಸುಡಕ್ಕೆ ಇಟ್ಕೊಂಡಿದೀನಾ?"

ಹುಡುಗ ಬನಿಯನ್ನಿನಲ್ಲಿ ಕಪಾಟಿನ ಹಿಂದೆ ಅವಿತು ನಿಲ್ಲುತ್ತಿದ್ದ. ಎರಡು ನಿಮಿಷದಲ್ಲಿ ಬಿಸಿ ಬಿಸಿ ಅಂಗಿ ಮೈಮೇಲೆ, ಬೆನ್ನಿಗೊಂದು ಮೆದು ಗುದ್ದು, ಹುಡುಗ ಕ್ಲಾಸಿಗೆ.

ನಮ್ಮ ಕಡೆ ಅಕ್ಟೋಬರಿನ ಮೊದಲ ಬುಧವಾರ ಎಣಿಕೆಯ ದಿನ. ಅಂದು ಯಾವ ಮಗು ಯಾವ ಸ್ಕೂಲಿನ ಬೆಂಚಿನ ಮೇಲೆ ಕೂತಿದೆಯೋ ಆ ಮಗುವಿನ ದುಡ್ಡು ಆ ಸ್ಕೂಲಿಗೆ. ತಲೆಗೆ ಹತ್ತು ಸಾವಿರ ಡಾಲರಿನ ಹತ್ತಿರ ಬರುತ್ತದೆ. ವರ್ಷವಿಡೀ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಿರುವ ಮಕ್ಕಳು ಅದೊಂದು ದಿನ ಮದುವೆ ಗಂಡಿನ ಹಾಗೆ ಬರುತ್ತಾರೆ. ಚೌಕ ಪಿಜ್ಜಾ, ಕೆಂಪು ಸೋಡಾ, ಚೀಟಿ ಎತ್ತಿ ಒಬ್ಬರಿಗೆ ಸೈಕಲ್ಲು. ಎಲ್ಲವೂ ಮಕ್ಕಳು ಬರಲಿ ಎಂದೇ.

"ಸರ್, ಇವತ್ತು ನನ್ನನ್ನ ಕ್ಲಾಸಿಂದ ಆಚೆ ಕಳಿಸೋ ಹಾಗಿಲ್ಲ," ಎಂದು ಡಾಂಟ್ರೆಲ್ ಎಂಬ ತರಲೆ ಹುಡುಗ ಒಮ್ಮೆ ನನಗೆ ಬಾಗಿಲಲ್ಲೇ ಹೇಳಿದ. "ಇವತ್ತು ನಾನು ಹತ್ತು ಸಾವಿರ ಡಾಲರು."

ಮೇಜಿನ ಹಿಂದಿನಿಂದ ಮಿಸ್ ಅರ್ಡೆಲ್ಲಾ ಕೂಗಿದರು: "ಹತ್ತು ಸಾವಿರದ ಮುಖ ನೋಡು! ಮೊದಲು ಮೂಗು ಒರಸ್ಕೋ."

ಎಣಿಕೆಯ ಬೆಳಗ್ಗೆ ಅವರು ತಮ್ಮ ಹಳೇ ಬ್ಯೂಯಿಕ್ ಕಾರು ತೆಗೆದುಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಜಗಲಿಯ ಮುಂದೆ ನಿಲ್ಲಿಸಿ ಹಾರನ್ ಒತ್ತಿದರೆ ಮನೆಯೊಳಗಿನ ಅಜ್ಜಿಯರೇ ಮೊಮ್ಮಕ್ಕಳನ್ನು ಹೊರಗೆ ದಬ್ಬುತ್ತಿದ್ದರು. ಕಾಯಿಲೆ ಬಿದ್ದ ಮಗುವಿನ ಚೀಟಿ ಕೊಟ್ಟರೆ, ಮಗು ಆಮೇಲೆ ಬಂದರೂ ಎಣಿಕೆಗೆ ಸೇರುತ್ತದೆ ಎಂಬ ನಿಯಮವಿದೆ. ಆದರೆ ಅವರಿಗೆ ಕಾಗದದ ಮೇಲೆ ನಂಬಿಕೆಯಿಲ್ಲ, ಕಣ್ಣೆದುರು ತಲೆ ಕಾಣಬೇಕು. ಒಂದು ವರ್ಷ ಇದೇ ಡಾಂಟ್ರೆಲ್‌ನನ್ನು ಕೆಂಡದಂಥ ಜ್ವರದಲ್ಲಿ ಕಂಬಳಿ ಸುತ್ತಿ ತಂದು ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರಿಸಿದರು. ಎಣಿಸಿದ್ದಾಯಿತು. ಮುಂದಿನ ವಾರ ಅರ್ಧ ಕ್ಲಾಸು ಮಲಗಿತು, ನಾನು ಮಲಗಿದೆ, ಅವರೂ ಮಲಗಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಪಸ್ಸು ಬಂದು ಜಗಳ ತೆಗೆದರೆ, ಮೂಗಿಗೆ ಕರ್ಚೀಫು ಒತ್ತಿಕೊಂಡು, "ಎಣಿಸಾಯ್ತಲ್ಲ ಮೇಷ್ಟ್ರೇ, ಈಗ ಆರಾಮಾಗಿ ಕೆಮ್ಮಿ" ಅಂದರು. ಮೊಂಡುತನದಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ.

ಹೋದ ವರ್ಷದ ಮಾತು. ಎರಡು ಬೀದಿಯಾಚೆ ಇನ್ನೊಂದು ಚಾರ್ಟರ್ ಸ್ಕೂಲು ತೆರೆಯಿತು. ಸೇರಿದವರಿಗೆಲ್ಲ ಹೊಸ ಶೂ, ಕೈಗೊಂದು ಟ್ಯಾಬ್ಲೆಟ್ಟು. ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಜಾರತೊಡಗಿದರು. ನಮ್ಮ ಕಂಪನಿಯವರಿಗೂ ರೋಷ ಬಂದು, ದೊಡ್ಡ ರಸ್ತೆಯ ಪಕ್ಕದಲ್ಲಿ ಒಂದು ಭಾರೀ ಜಾಹೀರಾತು ಫಲಕವನ್ನು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದರು. ಅದರ ಮೇಲೆ ಪಿಟೀಲು ಹಿಡಿದು ನಗುತ್ತಿರುವ ಒಬ್ಬಳು ಹುಡುಗಿ. ಆ ಹುಡುಗಿ ನಮ್ಮವಳಲ್ಲ, ಪಿಟೀಲೂ ನಮ್ಮದಲ್ಲ. ಖರ್ಚು ಜಾಸ್ತಿ ಎಂದು ಸಂಗೀತದ ಮೇಷ್ಟ್ರನ್ನು ಮನೆಗೆ ಕಳಿಸಿ, ವಾದ್ಯಗಳನ್ನು ಮಾರಿ ಎರಡು ವರ್ಷವಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಫಲಕ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಡಾಕ್ಟರ್ ಕ್ವಾರ್ಲ್ಸ್ ನಮ್ಮನ್ನೆಲ್ಲ ಕೂರಿಸಿಕೊಂಡು ವಿಷಯ ಹೇಳಿದರು. ವಯಸ್ಸು ನಲವತ್ತಾಗಿರಲಿಲ್ಲ, ಕೆಟ್ಟವರೂ ಅಲ್ಲ. ಮೇಲಿನವರ ಮಾತನ್ನು ಕೆಳಗಿನವರಿಗೆ ತಲುಪಿಸುವಾಗೆಲ್ಲ ಟೈ ಸಡಿಲ ಮಾಡಿಕೊಳ್ಳುತ್ತಿದ್ದರು.

"ಬಜೆಟ್ ಮಾಡಿರೋದು ನೂರ ಎಂಬತ್ತು ಮಕ್ಕಳಿಗೆ," ಅಂದರು. "ಎಣಿಕೆ ದಿನ ಅಷ್ಟು ಜನ ಇಲ್ದೇ ಇದ್ರೆ ಬಾಗಿಲ ಪಕ್ಕದ ಮೇಜು ತೆಗೀತಾರೆ. ಅಲ್ಲಿ ಒಂದು ಮೆಷಿನ್ ಇಡ್ತಾರಂತೆ. ನನ್ನ ಕೈಲಿ ಏನೂ ಇಲ್ಲ ಮಿಸ್ ಪ್ರೂಯಿಟ್."

ಮಿಸ್ ಅರ್ಡೆಲ್ಲಾಗೆ ಆಗ ಅರವತ್ತಮೂರು. ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅರವತ್ತೈದು ತುಂಬಿದರೆ ಸರ್ಕಾರದ ವಿಮೆ ಸಿಗುತ್ತದೆ, ಅಲ್ಲಿಯವರೆಗೆ ಸ್ಕೂಲಿನ ವಿಮೆಯೇ ಗತಿ. ಕೆಲಸ ಹೋದರೆ ಅದೂ ಹೋಯಿತು. ಇದು ಅಲ್ಲಿ ಕೂತಿದ್ದ ನಮಗೆಲ್ಲ ಗೊತ್ತಿತ್ತು. ಯಾರೂ ಅವರ ಮುಖ ನೋಡಲಿಲ್ಲ.

"ನೂರ ಎಂಬತ್ತು ತಾನೇ? ತರ್ತೀನಿ ಬಿಡಿ," ಅಂದರು ಮಿಸ್ ಅರ್ಡೆಲ್ಲಾ.

ಆ ತಿಂಗಳೆಲ್ಲ ಅವರು ಓಡಾಡಿದ್ದು ನೋಡಬೇಕಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ತಲೆಯ ಮೇಲೆ ನೇರಳೆ ಟೋಪಿ ಇಟ್ಟುಕೊಂಡು ಬಾಗಿಲಲ್ಲೇ ನಿಂತು ತಾಯಂದಿರನ್ನು ಹಿಡಿಯುತ್ತಿದ್ದರು. "ಶೂ ಆರು ತಿಂಗಳಿಗೆ ಸವೆಯತ್ತೆ ಕಣಮ್ಮಾ. ಆಮೇಲೆ ನಿನ್ನ ಮಗ ಬಂದನಾ ಇಲ್ವಾ ಅಂತ ಅಲ್ಲಿ ಯಾರ್ ಕೇಳ್ತಾರೆ?" ಹೋಗಿದ್ದ ಮಕ್ಕಳಲ್ಲಿ ಕೆಲವರು ಹೊಸ ಶೂ ಹಾಕಿಕೊಂಡೇ ವಾಪಸ್ಸು ಬಂದರು. ಎಣಿಕೆಗೆ ಮುಂಚಿನ ಶುಕ್ರವಾರ ದಾಖಲಾದವರು ಸರಿಯಾಗಿ ನೂರ ಎಂಬತ್ತು. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಮ್ಮಿಯಿಲ್ಲ. ಅಂದು ಮಿಸ್ ಅರ್ಡೆಲ್ಲಾ ಸಿಹಿಗೆಣಸಿನ ಕಡುಬು ಮಾಡಿ ತಂದು ನಮಗೆ ಹಂಚಿದರು. ತಾವು ತಿನ್ನಲಿಲ್ಲ.

ಸೋಮವಾರ ನಾನು ಕಾಫಿ ಹಿಡಿದು ಅವರ ಮೇಜಿನ ಹತ್ತಿರ ನಿಂತಿದ್ದಾಗ ಫೋನು ಬಂತು. ಅವರ ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದರಲ್ಲಿ ಯಾರದೋ ಅಂಗಿ, ಹಾಗಾಗಿ ಸ್ಪೀಕರ್ ಒತ್ತಿದರು. ಮಾತಾಡಿದವಳು ಲಟ್ರಿಸ್, ನನ್ನ ಏಳನೇ ತರಗತಿಯ ಇಮಾರಿಯ ತಾಯಿ. ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಅವಳದು.

"ಮಿಸ್ ಅರ್ಡೆಲ್ಲಾ, ಆ ಸಂಗೀತದ ಸ್ಕೂಲಿಂದ ಫೋನ್ ಬಂದಿತ್ತು. ಯಾರೋ ಬಿಟ್ ಹೋದ್ರಂತೆ, ಇಮಾರಿಗೆ ಸೀಟ್ ಸಿಕ್ತು! ಆದ್ರೆ ಬುಧವಾರ ಬೆಳಗ್ಗೆನೇ ಬಂದು ಕೂತಿರ್ಬೇಕಂತೆ, ಇಲ್ದಿದ್ರೆ ಮುಂದಿನವ್ರಿಗೆ ಕೊಡ್ತಾರಂತೆ. ನಂಗೆ ಅವತ್ತು ಬೆಳಗ್ಗೆ ಹತ್ತರ ತನಕ ಡ್ಯೂಟಿ. ಗುರುವಾರ ಕರ್ಕೊಂಡ್ ಹೋದ್ರೆ ನಡೆಯಲ್ವಾ? ಅವ್ರು ಸುಮ್ನೆ ಹೆದರಿಸೋದು ಅಲ್ವಾ? ನಿಮಗೆ ಇದೆಲ್ಲ ಗೊತ್ತಿರತ್ತೆ. ನೀವ್ ಹೇಳ್ದಂಗೆ ಮಾಡ್ತೀನಿ."

ಇಮಾರಿಯ ಅಜ್ಜ ಬಿಟ್ಟುಹೋದ ಟ್ರೊಂಬೋನು ಅವಳ ಹತ್ತಿರ ಇತ್ತು, ಅವಳಷ್ಟೇ ಉದ್ದದ ಹಿತ್ತಾಳೆ ಕಹಳೆ. ನಮ್ಮಲ್ಲಿ ಕಲಿಸುವವರಿರಲಿಲ್ಲ. ಚರ್ಚಿನಲ್ಲಿ ಕೇಳಿ ಕೇಳಿ ತಾನೇ ಕಲಿತಿದ್ದಳು. ನನ್ನ ಪಾಠದ ನಡುವೆ ಪೆನ್ಸಿಲನ್ನೇ ಟ್ರೊಂಬೋನು ಮಾಡಿಕೊಂಡು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ಎಲ್ಲೋ ಇರುತ್ತಿದ್ದಳು. ಆ ಸಂಗೀತದ ಸ್ಕೂಲಿನ ಕಾಯುವ ಸಾಲಿನಲ್ಲಿ ಅವಳ ಹೆಸರು ಒಂದು ವರ್ಷದಿಂದ ಇತ್ತು.

ಅವರು ಸುಮ್ಮನೆ ಹೆದರಿಸುತ್ತಿರಲಿಲ್ಲ. ಬುಧವಾರ ಅಲ್ಲಿಯೂ ಎಣಿಕೆ. ಹೊಸದಾಗಿ ಸೇರುವವರಿಗೆ ಕಾಯಿಲೆ ಚೀಟಿ ನಡೆಯುವುದಿಲ್ಲ, ಅಂದು ಖಾಲಿ ಉಳಿದ ಸೀಟಿಗೆ ದುಡ್ಡು ಬರುವುದಿಲ್ಲ, ಆದ್ದರಿಂದ ಖಾಲಿ ಉಳಿಯಲು ಅವರು ಬಿಡುವುದೂ ಇಲ್ಲ. ಇದು ಮಿಸ್ ಅರ್ಡೆಲ್ಲಾಗೆ ಚೆನ್ನಾಗಿ ಗೊತ್ತಿತ್ತು. 'ಗುರುವಾರ ಹೋಗು ಪರವಾಗಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಲಟ್ರಿಸ್ ಹಾಗೆಯೇ ಮಾಡುತ್ತಿದ್ದಳು. ಬುಧವಾರ ಇಮಾರಿ ನಮ್ಮ ಬೆಂಚಿನಲ್ಲಿ ಕೂರುತ್ತಿದ್ದಳು, ನೂರ ಎಂಬತ್ತು ತುಂಬುತ್ತಿತ್ತು, ಮೇಜು ಉಳಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಸುಟ್ಟ ವಾಸನೆ ಬಂತು. ಇಸ್ತ್ರಿ ಅಂಗಿಯ ಮೇಲೆ ನಿಂತಲ್ಲೇ ನಿಂತಿತ್ತು. ಅಷ್ಟು ವರ್ಷದಲ್ಲಿ ಅವರು ಬಟ್ಟೆ ಸುಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾಳೆ ಹೇಳ್ತೀನಿ ತಾಯಿ," ಎಂದು ಫೋನು ಇಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ, "ಮೇಷ್ಟ್ರೇ, ನೀವೇನೂ ಕೇಳಿಸ್ಕೊಂಡಿಲ್ಲ," ಅಂದರು.

"ಇಲ್ಲ ಮಿಸ್ ಅರ್ಡೆಲ್ಲಾ," ಅಂದೆ.

ನನಗೆ ಏನನ್ನಿಸಿತು ಎಂದು ಮುಚ್ಚಿಡುವುದೇಕೆ? 'ಗುರುವಾರ ಹೋಗು' ಎಂದು ಹೇಳಿಬಿಡಲಿ ಅನ್ನಿಸಿತು. ಇಮಾರಿಯ ಮೇಲೆ ನನಗೂ ಪ್ರೀತಿಯಿತ್ತು, ಆದರೆ ಆ ಬಾಗಿಲಲ್ಲಿ ಮಿಸ್ ಅರ್ಡೆಲ್ಲಾ ಇಲ್ಲದ ಬೆಳಗನ್ನು ನೆನೆಸಿಕೊಳ್ಳಲೂ ನನಗೆ ಮನಸ್ಸಿರಲಿಲ್ಲ.

ಮಂಗಳವಾರ ಇಡೀ ದಿನ ಅವರ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಪಿಜ್ಜಾದವನಿಗೆ ಫೋನಿನಲ್ಲಿ ಬೈದರು, ಶೂ ಒರೆಸಿಕೊಳ್ಳದೆ ಬಂದ ಎಂಟನೇ ತರಗತಿಯ ಹುಡುಗರಿಗೆ ಬೈದರು, ಡಾಕ್ಟರ್ ಕ್ವಾರ್ಲ್ಸ್ ಬಂದು "ನಾಳೆ ಎಲ್ಲ ಬರ್ತಾರೆ ತಾನೇ?" ಎಂದಾಗ, "ನಾಳೆ ಇನ್ನೂ ಬಂದಿಲ್ಲ ಡಾಕ್ಟ್ರೇ, ಬಂದ ಮೇಲೆ ಕೇಳಿ," ಎಂದು ಹಾರಿಬಿದ್ದರು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾನು ಹೊರಡುವಾಗ ನೋಡಿದರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯಿಂದ ಒಂದು ಕೆಂಗಂದು ಅಂಗಿಯ ದಾರಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಎದೆಯ ಮೇಲಿನ ಬಿಲ್ಲೆ ಅರ್ಧ ಎದ್ದಿತ್ತು.

"ಯಾರ ಅಂಗಿ?" ಅಂದೆ.

"ಇಮಾರಿದು. ಹೊಸ ಸ್ಕೂಲಿಗೆ ಮೊದಲ್ನೇ ದಿನಾನೇ ಬೇರೆಯವ್ರ ಬಿಲ್ಲೆ ಹಾಕ್ಕೊಂಡ್ ಹೋದ್ರೆ ಮಕ್ಕಳು ಆಡ್ಕೊಳ್ಳಲ್ವಾ? ಬೇರೆ ಅಂಗಿ ತರಕ್ಕೆ ಲಟ್ರಿಸ್‌ಗೆ ಸಂಬಳ ಆಗ್ಬೇಕು."

"ಹಾಗಾದ್ರೆ ಅವಳಿಗೆ ಹೇಳಿದ್ರಾ?"

"ಹೇಳ್ದೆ. ಗುರುವಾರ ಹೋದ್ರೆ ಬಾಗಿಲು ಹಾಕಿರತ್ತೆ, ಬುಧವಾರ ನಾನೇ ಕರ್ಕೊಂಡ್ ಹೋಗ್ತೀನಿ ಅಂತ ಹೇಳ್ದೆ."

"ನಿಮ್ಮ ಇನ್ಸುಲಿನ್ನು?"

"ಅದಕ್ಕೆ ಊರವ್ರ ಮಗಳನ್ನ ಅಡ ಇಡಕ್ಕಾಗತ್ತಾ ಮೇಷ್ಟ್ರೇ?" ಎಂದು ಕೊಕ್ಕೆಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ನಿನ್ನೆ ಇಟ್ಟಿದ್ದೆ. ಇಡೀ ರಾತ್ರಿ ಇಟ್ಟಿದ್ದೆ. ಬೆಳಗ್ಗೆ ಬಿಡಿಸ್ಕೊಂಡೆ," ಅಂದರು.

ನಾನು ಬಿಲ್ಲೆ ನೋಡಲು ಮೇಜಿನ ಮೇಲೆ ಬಗ್ಗಿದೆ. ಅವರು, "ಹೋಗಿ, ನಿಂತ್ಕೊಂಡ್ ಬೆಳಕಿಗೆ ಅಡ್ಡ ಬರ್ಬೇಡಿ," ಎಂದು ಗದರಿಸಿ ಕಳಿಸಿದರು.

ಬುಧವಾರ ಬೆಳಗ್ಗೆ ಬ್ಯೂಯಿಕ್ಕು ಎಂದಿನಂತೆ ಓಡಾಡಿತು. ಒಂದು ಸಲ ಬಂದು ನಾಲ್ಕು ಮಕ್ಕಳನ್ನು ಇಳಿಸಿತು. ಇನ್ನೊಂದು ಸಲ ಬಂದು, ಅಷ್ಟರಲ್ಲಿ ನನಗಿಂತ ಎತ್ತರ ಬೆಳೆದಿದ್ದ ಡಾಂಟ್ರೆಲ್‌ನನ್ನೂ ಅವನ ತಂಗಿಯನ್ನೂ ಇಳಿಸಿತು. ಆಗ ಹಿಂದಿನ ಸೀಟಿನಲ್ಲಿ ಇನ್ನೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಅಡ್ಡಡ್ಡ ಉದ್ದನೆಯ ಕಪ್ಪು ಪೆಟ್ಟಿಗೆ. ಗರಿಗರಿ ಇಸ್ತ್ರಿಯ ಅಂಗಿ, ಎದೆಯ ಮೇಲೆ ಬಿಲ್ಲೆ ಇದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಇನ್ನೂ ಹೊಸದಾಗಿತ್ತು. ನನ್ನನ್ನು ಕಂಡು ಇಮಾರಿ ಕೈಬೀಸಿದಳು. ಆ ಮಗುವಿಗೆ ಹೊಸ ಸ್ಕೂಲಿನ ಖುಷಿ, ಅಷ್ಟೇ. ಬೇರೇನೂ ಗೊತ್ತಿರಲಿಲ್ಲ.

"ಮಿಸ್ ಅರ್ಡೆಲ್ಲಾ, ಇನ್ನೇನು ಗಂಟೆ ಹೊಡಿಯತ್ತೆ!" ಎಂದು ನಾನು ಬಾಗಿಲಿನಿಂದ ಕೂಗಿದೆ.

ಅವರು ಕಾರಿನ ಗಾಜು ಇಳಿಸಿದರು. "ಗೊತ್ತು ಮೇಷ್ಟ್ರೇ. ಅಲ್ಲೂ ಹೊಡಿಯತ್ತೆ," ಎಂದು ಗೇರ್ ಹಾಕಿ ಹೊರಟೇಹೋದರು.

ಎಣಿಕೆಯ ದಿನ ಆ ಮೇಜಿನ ಹಿಂದಿನ ಕುರ್ಚಿ ಖಾಲಿ ಇದ್ದದ್ದು ಅದೇ ಮೊದಲು. ಫೋನು ಬಡಿದುಕೊಳ್ಳುತ್ತಿತ್ತು. ಕೊನೆಗೆ ಡಾಕ್ಟರ್ ಕ್ವಾರ್ಲ್ಸ್ ಅವರೇ ಬಂದು ಎತ್ತಿ, "ಹಲೋ, ಸ್ವಲ್ಪ ಇರಿ," ಎಂದು ಸುಮ್ಮನೆ ಹಿಡಿದುಕೊಂಡು ನಿಂತರು.

ಮಿಸ್ ಅರ್ಡೆಲ್ಲಾ ವಾಪಸ್ಸು ಬರುವ ಹೊತ್ತಿಗೆ ಎಣಿಕೆ ಮುಗಿದಿತ್ತು. ನೂರ ಎಪ್ಪತ್ತೊಂಬತ್ತು. ಮೇಜಿನ ಮೇಲೆ ಪಿಜ್ಜಾ ಡಬ್ಬಗಳ ರಾಶಿ, ಅದರ ಪಕ್ಕದಲ್ಲಿ ಟೈ ಸಡಿಲ ಮಾಡಿಕೊಂಡ ಪ್ರಿನ್ಸಿಪಾಲರು.

"ಮಿಸ್ ಪ್ರೂಯಿಟ್, ಇಮಾರಿ ಎಲ್ಲಿ?"

"ಅವಳ ಸ್ಕೂಲಲ್ಲಿ."

"ಅವಳು ನಮ್ಮ ಹುಡುಗಿ ಅಲ್ವಾ? ಶುಕ್ರವಾರ ಪಟ್ಟಿಲಿ ಇದ್ಲಲ್ಲ?"

ಮಿಸ್ ಅರ್ಡೆಲ್ಲಾ ಕೈಚೀಲ ತೆರೆದು, ನಿನ್ನೆ ಬಿಚ್ಚಿದ ಬಿಲ್ಲೆಯನ್ನು ತೆಗೆದು ಅವರ ಮುಂದೆ ಇಟ್ಟರು. ಬಟ್ಟೆಯ ಬಿಲ್ಲೆಗೂ ಇಸ್ತ್ರಿ ಹಾಕಿದ್ದರು.

"ತಗೊಳ್ಳಿ ಡಾಕ್ಟ್ರೇ. ಅವಳ ಮೈಮೇಲೆ ಸ್ಕೂಲಿಂದು ಅಂತ ಇದ್ದಿದ್ದು ಇಷ್ಟೇ. ಉಳಿದಿದ್ದೆಲ್ಲ ಅವಳಮ್ಮಂದು."

"ಒಂದು ದಿನ ಮಿಸ್ ಪ್ರೂಯಿಟ್," ಅಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. "ಒಂದೇ ಒಂದು ದಿನ ಕಾದಿದ್ರೆ ನಿಮ್ಮ ಕೆಲಸ ಉಳೀತಿತ್ತು."

"ಅವಳಿಗೂ ಇದ್ದಿದ್ದು ಅದೊಂದೇ ದಿನ."

ಡಾಕ್ಟರ್ ಕ್ವಾರ್ಲ್ಸ್ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಕೋಣೆಗೆ ಹೋದರು. ಮಿಸ್ ಅರ್ಡೆಲ್ಲಾ ಪಿಜ್ಜಾ ಡಬ್ಬಗಳನ್ನು ಕೈಗಾಡಿಗೆ ತುಂಬಿ ಕ್ಲಾಸು ಕ್ಲಾಸಿಗೆ ಹಂಚಿ ಬಂದರು. ಸೈಕಲ್ಲು ಡಾಂಟ್ರೆಲ್‌ನ ತಂಗಿಗೆ ಬಂತು.

ಕ್ರಿಸ್ಮಸ್ಸಿಗೆ ಮೊದಲೇ ಮೇಜು ಹೋಯಿತು. ಈಗ ಅಲ್ಲಿ ಒಂದು ಮೆಷಿನ್ನು ನಿಂತಿದೆ, ಬಂದವರು ಗಾಜಿನ ಮೇಲೆ ತಮ್ಮ ಹೆಸರು ಒತ್ತಬೇಕು. ಅಂಗಿ ಒಣಗದವರು ಮನೆಯಲ್ಲೇ ಇರುತ್ತಾರೆ. ಈ ವರ್ಷದ ಎಣಿಕೆಯಲ್ಲಿ ನಾವು ನೂರೈವತ್ತನ್ನೂ ಮುಟ್ಟಲಿಲ್ಲ. ಪಿಟೀಲಿನ ಹುಡುಗಿ ಮಾತ್ರ ಬಾಡಿಗೆ ಮುಗಿಯುವ ತನಕ ರಸ್ತೆಯ ಪಕ್ಕದಲ್ಲಿ ನಗುತ್ತಲೇ ಇದ್ದಳು.

ಮಿಸ್ ಅರ್ಡೆಲ್ಲಾ ಗ್ರ್ಯಾಶಿಟ್ ರಸ್ತೆಯ ಅದೇ ಹಳೇ ಅಂಗಡಿಗೆ ಮರಳಿದ್ದಾರೆ. ಸಂಬಳ ಉಂಟು, ವಿಮೆ ಇಲ್ಲ. ಇನ್ಸುಲಿನ್ನನ್ನು ಒಮ್ಮೊಮ್ಮೆ ಕಮ್ಮಿ ಚುಚ್ಚಿಕೊಂಡು ತಿಂಗಳು ತಳ್ಳುತ್ತಾರೆಂದು ಅವರ ಮೊಮ್ಮಗ ನನಗೆ ಹೇಳಿದ. ಹೋದ ಶನಿವಾರ ಕೋಟು ಕೊಡಲು ಹೋದಾಗ ನೋಡಿದರೆ ಎಡಗಾಲಿಗೆ ಬಟ್ಟೆ ಸುತ್ತಿತ್ತು. ನಾನು ತಡೆಯಲಾರದೆ ರೇಗಿದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಎಂದರೆ ಏನು ಎಂದು ಪಾಠ ಮಾಡಿದೆ.

"ನಿಮ್ಮ ವಿಜ್ಞಾನ ಮಕ್ಕಳಿಗೆ ಹೇಳಿ ಮೇಷ್ಟ್ರೇ," ಅಂದರು. "ಅರವತ್ತೈದಕ್ಕೆ ಇನ್ನೊಂದು ಚಳಿಗಾಲ ಇದೆ. ದಾಟ್ತೀನಿ ಬಿಡಿ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಇಮಾರಿ. ಒಂದು ಗೇಣು ಬೆಳೆದಿದ್ದಾಳೆ. ಸಂಜೆಯ ಸಂಗೀತ ಕಚೇರಿಗೆ ಹಾಕಿಕೊಳ್ಳಬೇಕಾದ ಬಿಳಿ ಅಂಗಿಯನ್ನು ಮುದ್ದೆ ಮಾಡಿ ತಂದಿದ್ದಳು. ಮಿಸ್ ಅರ್ಡೆಲ್ಲಾ ಅದನ್ನು ಕಸಿದುಕೊಂಡು, "ಅಂಗಿನಾ ಇದು, ಪಾತ್ರೆ ಒರೆಸೋ ಬಟ್ಟೆನಾ?" ಎಂದು ಬೈದು ಹಲಗೆಯ ಮೇಲೆ ಹಾಸಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಬುಧವಾರ ಸ್ಕೂಲಿಗೆ ಹೋಗಿದ್ದೆ ತಾನೇ?"

"ಹೋಗಿದ್ದೆ ಮಿಸ್ ಅರ್ಡೆಲ್ಲಾ."

"ಎಣಿಸಿದ್ರಾ?"

"ಎಣಿಸಿದ್ರು."

ಅವರು ಗಾಯದ ಕಾಲನ್ನು ಸ್ವಲ್ಪ ಎತ್ತಿ ಹಿಡಿದು ನಿಂತು, ಕಾಲರಿಗೆ ನೀರು ಚಿಮುಕಿಸಿ, ಇಸ್ತ್ರಿ ಎತ್ತಿಕೊಂಡರು.